ಮಿಷಿಗನ್‌ನ 550–0: ನೂರಿಪ್ಪತ್ತು ವರ್ಷ ಹಳೆಯ ಫುಟ್‌ಬಾಲ್ ಸೀಸನ್ ಓದುವುದು ಹೇಗೆ

ಮಗಳ ಮನೆ ಅಮೆರಿಕದಲ್ಲಿ, ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಲ್ಲಿದೆ. ಆರು ತಿಂಗಳು ಅಲ್ಲಿದ್ದೆ. ಶನಿವಾರ ಬಂತೆಂದರೆ ಊರಿಗೆ ಊರೇ ನೀಲಿ, ಹಳದಿ ಬಟ್ಟೆ ಹಾಕಿಕೊಂಡು ಸ್ಟೇಡಿಯಂ ಕಡೆ ನಡೆಯುತ್ತದೆ. ನಮ್ಮಲ್ಲಿ ತೇರಿಗೆ ಹೋಗುತ್ತಾರಲ್ಲ, ಹಾಗೆ. ನಾನು ತಿಪಟೂರು ಕಡೆಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಕಬಡ್ಡಿ, ಖೋಖೋ, ವಾಲಿಬಾಲ್ ಸ್ಕೋರ್ ಶೀಟು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅಮೆರಿಕದವರ ಈ ಫುಟ್‌ಬಾಲ್ ಮಾತ್ರ ತಲೆಬುಡ ತಿಳಿದಿರಲಿಲ್ಲ.

ಒಂದು ಸಂಜೆ ಮೊಮ್ಮಗ ಫೋನ್ ಹಿಡಿದುಕೊಂಡು ಬಂದ. "ತಾತ, 1901ರಲ್ಲಿ ನಮ್ಮ ಮಿಷಿಗನ್ ಹನ್ನೊಂದು ಮ್ಯಾಚ್ ಆಡಿ 550 ಪಾಯಿಂಟ್ ತೆಗೆದಿದೆ. ಎದುರಿನವರೆಲ್ಲ ಸೇರಿ ಎಷ್ಟು ತೆಗೆದರು ಹೇಳು ನೋಡೋಣ." ನಾನು ನೂರು ಅಂದೆ. ಸೊನ್ನೆಯಂತೆ. ಅದರಲ್ಲೊಂದು ಮ್ಯಾಚು 128–0.

ನಂಬಿಕೆ ಬರಲಿಲ್ಲ. ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು, ಆಮೇಲಿನ ಕಿಕ್‌ಗೆ ಒಂದು ಅಂತ ಮೊಮ್ಮಗ ಹೇಳಿಕೊಟ್ಟಿದ್ದ. ಕಾಗದ, ಪೆನ್ಸಿಲ್ ತೆಗೆದುಕೊಂಡು 128ನ್ನು ಏಳರಿಂದ ಭಾಗಿಸಿದೆ, ಆರರಿಂದ ಕಳೆದೆ, ಹದಿನೆಂಟು ಟಚ್‌ಡೌನ್ ಅಂತ ಏನೋ ಒಂದು ಉತ್ತರ ತಂದೆ. ಪೂರ್ತಿ ತಪ್ಪು. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಹಳೆಯ ಸೀಸನ್ ಆದರೂ ಇದೇ ಕ್ರಮದಲ್ಲಿ ಬಿಡಿಸಬಹುದು. ನಾನು 1901ರ ಮಿಷಿಗನ್ ಇಟ್ಟುಕೊಂಡೇ ಹೇಳುತ್ತೇನೆ.

ಸ್ಕೋರ್ ಆಮೇಲೆ, ಮೊದಲು ರೂಲ್

ಒಂದು ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಸ್ಕೋರ್ ಬರೆಯಬೇಡಿ, ಆ ವರ್ಷದ ರೂಲ್ ಬರೆಯಿರಿ. ಈ ಆಟದ ರೂಲ್ ಆ ಕಾಲದಲ್ಲಿ ಹೆಚ್ಚುಕಡಿಮೆ ವರ್ಷ ವರ್ಷವೂ ಬದಲಾಗುತ್ತಿತ್ತು. ಸ್ಪಾಲ್ಡಿಂಗ್ ಕಂಪನಿ ಪ್ರತಿವರ್ಷ ಒಂದು ಫುಟ್‌ಬಾಲ್ ಗೈಡ್ ಅಚ್ಚು ಹಾಕುತ್ತಿತ್ತು. ವಾಲ್ಟರ್ ಕ್ಯಾಂಪ್ ಅದರ ಸಂಪಾದಕ. ಹಳೆಯ ಗೈಡುಗಳು ಸ್ಕ್ಯಾನ್ ಆಗಿ ಹಾಥಿಟ್ರಸ್ಟ್ ಎಂಬ ಆನ್‌ಲೈನ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಸೀಸನ್ನಿನ ವರ್ಷದ್ದನ್ನೇ ತೆಗೆಯಿರಿ. ಹಿಂದಿನದೂ ಬೇಡ, ಮುಂದಿನದೂ ಬೇಡ.

1901ಕ್ಕೆ ನನ್ನ ಪುಟದಲ್ಲಿ ಬರೆದುಕೊಂಡದ್ದು ಇಷ್ಟು. ಟಚ್‌ಡೌನ್‌ಗೆ 5. ಅದಾದ ಮೇಲೆ ಒದ್ದು ಕಂಬದ ನಡುವೆ ಹಾಯಿಸಿದರೆ 1. ಟಚ್‌ಡೌನ್ ಇಲ್ಲದೆ, ಆಟದ ನಡುವೆಯೇ ಒದ್ದು ಕಂಬದ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್, ಅದಕ್ಕೂ 5. ಚೆಂಡು ಹಿಡಿದವನು ತನ್ನದೇ ಹಿಂದಿನ ಗೆರೆಯಾಚೆ ಸಿಕ್ಕಿಬಿದ್ದರೆ ಸೇಫ್ಟಿ, ಅದಕ್ಕೆ ಎದುರಿನವರಿಗೆ 2. ಮೈದಾನದ ಉದ್ದ 110 ಗಜ. ಮೂರು ಸಲದೊಳಗೆ ಐದು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಹೊರಗೆ ಹೋದ ಆಟಗಾರ ಆ ಮ್ಯಾಚಿನಲ್ಲಿ ಮತ್ತೆ ಒಳಗೆ ಬರುವ ಹಾಗಿಲ್ಲ. ಹೆಲ್ಮೆಟ್ ಕಡ್ಡಾಯವಲ್ಲ.

ಐದು ಗಜ ಅನ್ನುವುದನ್ನು ಸ್ವಲ್ಪ ಯೋಚಿಸಿ. ಹದಿನೈದು ಅಡಿ. ಚೆಂಡು ಎಸೆದು ತಪ್ಪಿಸಿಕೊಳ್ಳುವ ದಾರಿ ಇಲ್ಲ. ಹನ್ನೊಂದು ಜನ ಹನ್ನೊಂದು ಜನರ ಮೇಲೆ ಬೀಳಬೇಕು, ಒಂದೂವರೆ ಗಜ, ಎರಡು ಗಜ ಕಿತ್ತುಕೊಳ್ಳಬೇಕು. ನನಗೆ ಇದು ಓದಿದ ತಕ್ಷಣ ಅರ್ಥವಾಯಿತು. ಕಬಡ್ಡಿಯಲ್ಲಿ ನಡುಗೆರೆಯ ಹತ್ತಿರ ಆರು ಜನ ಮೇಲೆ ಬಿದ್ದಾಗ ರೇಡರ್ ಒಂದು ಗೇಣಿಗೆ ಒದ್ದಾಡುತ್ತಾನಲ್ಲ, ಅದನ್ನೇ ಒಂದು ಗಂಟೆ ನಿಲ್ಲಿಸದೆ ಆಡಿದ ಹಾಗೆ. ಇಂಥ ಆಟದಲ್ಲಿ ಎದುರಿನವರಿಗಿಂತ ನಿಮ್ಮವರು ಸ್ವಲ್ಪ ಬಲವಾಗಿದ್ದರೂ ಸಾಕು. ಆ ಸ್ವಲ್ಪವೇ ಪ್ರತಿಸಲವೂ ಸಿಗುತ್ತಾ ಹೋಗುತ್ತದೆ.

ಇನ್ನೊಂದು ರೂಲ್ ಇದೆ. ಇದು ಗೊತ್ತಿಲ್ಲದಿದ್ದರೆ 128 ಅರ್ಥವೇ ಆಗುವುದಿಲ್ಲ. ಈಗ ಟಚ್‌ಡೌನ್ ಮಾಡಿದ ತಂಡ ಚೆಂಡನ್ನು ಎದುರಿನವರಿಗೆ ಒದ್ದು ಕೊಡುತ್ತದೆ. ಆಗ ಉಲ್ಟಾ. ಪಾಯಿಂಟ್ ಕೊಟ್ಟವರೇ ಮತ್ತೆ ಒದೆಯಬೇಕಿತ್ತು. ಅಂದರೆ ಟಚ್‌ಡೌನ್ ಮಾಡಿದವರ ಕೈಗೇ ಚೆಂಡು ವಾಪಸ್! ಮೊಮ್ಮಗನಿಗೆ ಇದನ್ನು ಹೇಳಿದಾಗ, "ಚೀಟಿಂಗ್ ಅಲ್ವಾ ತಾತ" ಅಂದ. ಚೀಟಿಂಗ್ ಅಲ್ಲ, ನಮ್ಮೂರ ಫುಟ್‌ಬಾಲ್‌ನಲ್ಲೂ ಗೋಲ್ ತಿಂದವರೇ ಮತ್ತೆ ಶುರು ಮಾಡುವುದು. ಆದರೆ ಇಲ್ಲಿ ಶುರು ಮಾಡುವುದು ಅಂದರೆ ಚೆಂಡು ಒಪ್ಪಿಸುವುದು. ಸೋಲುವವರು ಚೆಂಡು ಮುಟ್ಟುವ ಮೊದಲೇ ಇನ್ನೊಂದು ಟಚ್‌ಡೌನ್ ಆಗಿರುತ್ತಿತ್ತು.

ಪಾಯಿಂಟ್ ಬಿಡಿಸುವುದು

ಈಗ ಎರಡನೇ ಪುಟ. ಅಡ್ಡಗೆರೆ ಎಳೆದು ಹನ್ನೊಂದು ಸಾಲು ಮಾಡಿಕೊಳ್ಳಿ. ನನ್ನ ಪುಟದಲ್ಲಿ ಹೀಗಿದೆ: ಆಲ್ಬಿಯನ್ 50, ಕೇಸ್ 57, ಇಂಡಿಯಾನಾ 33, ನಾರ್ತ್‌ವೆಸ್ಟರ್ನ್ 29, ಬಫಲೊ 128, ಕಾರ್ಲೈಲ್ 22, ಒಹಾಯೊ ಸ್ಟೇಟ್ 21, ಶಿಕಾಗೊ 22, ಬೆಲೋಯಿಟ್ 89, ಅಯೋವಾ 50, ಸ್ಟ್ಯಾನ್‌ಫರ್ಡ್ 49. ಎದುರಿನ ಕಾಲಂ ತುಂಬ ಸೊನ್ನೆ. ಮೊದಲು ಕೂಡಿಸಿ ನೋಡಿ. 550 ಬರಬೇಕು. ಬರಲಿಲ್ಲವೆಂದರೆ ಎಲ್ಲೋ ಒಂದು ಸಾಲು ತಪ್ಪು ಬರೆದಿದ್ದೀರಿ. ಕೂಡಿಸದೆ ಮುಂದೆ ಹೋಗಬೇಡಿ, ಇದು ಮೂವತ್ತೊಂದು ವರ್ಷದ ಮೇಷ್ಟ್ರ ಮಾತು.

ಆಮೇಲೆ ಒಂದೊಂದೇ ಸ್ಕೋರನ್ನು ಒಡೆಯಿರಿ. ಕೊನೆಯದನ್ನು ಮೊದಲು ಹಿಡಿಯೋಣ. ಅದರ ವಿವರ ಪೂರ್ತಿ ಸಿಗುತ್ತದೆ. 1902ರ ಜನವರಿ 1, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ, ಸ್ಟ್ಯಾನ್‌ಫರ್ಡ್ ವಿರುದ್ಧ 49. ನೀಲ್ ಸ್ನೋ ಐದು ಟಚ್‌ಡೌನ್, ರೆಡನ್ ಎರಡು, ಹರ್ನ್‌ಸ್ಟೈನ್ ಒಂದು. ಒಟ್ಟು ಎಂಟು, ಐದೆಂಟ್ಲ ನಲವತ್ತು. ಶಾರ್ಟ್ಸ್ ನಾಲ್ಕು ಕಿಕ್ ಹಾಯಿಸಿದ, 44. ಸ್ವೀಲಿ ಒಂದು ಫೀಲ್ಡ್ ಗೋಲ್, 49. ಸರಿಹೋಯಿತು. ಇದನ್ನು ಈಗಿನ ರೂಲ್‌ನಲ್ಲಿ ಲೆಕ್ಕ ಹಾಕಿದರೆ 48, 4, 3 ಸೇರಿ 55 ಆಗುತ್ತಿತ್ತು. ಆಟ ಅದೇ, ಅಂಕಿ ಬೇರೆ. (ನೂರಿಪ್ಪತ್ತು ವರ್ಷ ಹಿಂದಿನವರಾದರೂ ಆಟದ ಹುಡುಗರು ನನಗೆ ಏಕವಚನವೇ. ಅಭ್ಯಾಸ.)

ಎಲ್ಲ ಸ್ಕೋರೂ ಇಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ. ಒಹಾಯೊ ಸ್ಟೇಟ್ ಮೇಲಿನ 21 ನೋಡಿ. ನಾಲ್ಕು ಟಚ್‌ಡೌನ್, ಒಂದು ಕಿಕ್ ಇರಬಹುದು. ಮೂರು ಟಚ್‌ಡೌನ್, ಒಂದು ಫೀಲ್ಡ್ ಗೋಲ್, ಒಂದು ಕಿಕ್ ಕೂಡ ಇರಬಹುದು. ಎರಡಕ್ಕೂ ಐದೇ ಪಾಯಿಂಟ್ ಆದ್ದರಿಂದ ಅಂಕಿ ನೋಡಿ ಹೇಳಲು ಬರುವುದಿಲ್ಲ. 128ಕ್ಕೆ ಬರೀ ಟಚ್‌ಡೌನ್, ಕಿಕ್ ಹಿಡಿದರೂ ನಾಲ್ಕು ದಾರಿ ಇವೆ: 22 ಮತ್ತು 18, 23 ಮತ್ತು 13, 24 ಮತ್ತು 8, 25 ಮತ್ತು 3. ಇಲ್ಲಿ ಊಹೆ ಮಾಡಬೇಡಿ. ಪತ್ರಿಕೆಯ ವರದಿ ತೆಗೆಯಿರಿ.

ಆ ಕಾಲದ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ಎಡ ಎಂಡ್, ಎಡ ಟ್ಯಾಕಲ್, ಗಾರ್ಡ್, ಸೆಂಟರ್ ಅಂತ ಎರಡೂ ತಂಡದ ಹನ್ನೊಂದು ಹೆಸರು. ಅದರ ಕೆಳಗೆ ಟಚ್‌ಡೌನ್ ಯಾರ್ಯಾರದ್ದು, ಟಚ್‌ಡೌನ್ ಆದ ಮೇಲಿನ ಗೋಲ್ ಯಾರದ್ದು, ರೆಫರಿ ಯಾರು, ಹಾಫ್ ಎಷ್ಟು ನಿಮಿಷ. ವರದಿಗಾರನ ಮೇಲಿನ ಅಲಂಕಾರದ ಮಾತನ್ನೆಲ್ಲ ಬಿಟ್ಟು ನಾನು ಮೊದಲು ಓದುವುದು ಈ ಪಟ್ಟಿಯನ್ನೇ. ಅಲ್ಲಿ ಬರೀ "ಗೋಲ್" ಅಂತ ಕಂಡರೆ ಹೆಚ್ಚಿನ ಸಲ ಅದು ಒಂದು ಪಾಯಿಂಟಿನ ಕಿಕ್. ಐದರದ್ದು ಅಂದುಕೊಂಡು ನಾನು ಒಂದು ಮಧ್ಯಾಹ್ನ ಪೂರ್ತಿ ಹಾಳು ಮಾಡಿಕೊಂಡೆ.

ಗಡಿಯಾರ ಮರೆಯಬೇಡಿ

ಈ ತಂಡಕ್ಕೆ "ನಿಮಿಷಕ್ಕೊಂದು ಪಾಯಿಂಟ್" ಅಂತ ಹೆಸರು. ಕೇಳಲು ಚೆನ್ನಾಗಿದೆ. ಭಾಗಿಸಿ ನೋಡಿ. 550 ಭಾಗ 11, ಮ್ಯಾಚಿಗೆ 50. ರೂಲ್ ಪ್ರಕಾರ 35 ನಿಮಿಷದ ಎರಡು ಹಾಫ್, 70 ನಿಮಿಷ. ನಿಮಿಷಕ್ಕೊಂದು ಆಗಲಿಲ್ಲ. 1901ರಿಂದ 1905ರವರೆಗಿನ ಐದು ವರ್ಷ ಹಿಡಿದರೂ 57 ಮ್ಯಾಚಿಗೆ 2,821, ಅಂದರೆ ಮ್ಯಾಚಿಗೆ ಐವತ್ತಕ್ಕೆ ಸ್ವಲ್ಪ ಕಡಿಮೆ.

ಆದರೆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಎಷ್ಟೋ ಮ್ಯಾಚನ್ನು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡು ಕಡಿಮೆ ನಿಮಿಷಕ್ಕೆ ಆಡುತ್ತಿದ್ದರು. ಸೀಸನ್ ಶುರುವಿನಲ್ಲಂತೂ ಜಾಸ್ತಿ. ಹಾಗಾಗಿ ನಿಮ್ಮ ಪುಟದಲ್ಲಿ "ಅವಧಿ" ಅಂತ ಒಂದು ಕಾಲಂ ಇರಲೇಬೇಕು. ಅದು ಖಾಲಿ ಇರುವ ತನಕ ಎರಡು ಸ್ಕೋರನ್ನು ಪಕ್ಕಪಕ್ಕ ಇಟ್ಟು ಇದು ದೊಡ್ಡದು, ಅದು ಚಿಕ್ಕದು ಅನ್ನಬೇಡಿ.

ಎದುರಿಗೆ ಯಾರಿದ್ದರು

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ಭಾಗ. ಸೊನ್ನೆ ಅಂತ ಬರೆದ ಕಡೆಯೂ ಹನ್ನೊಂದು ಹುಡುಗರಿದ್ದರಲ್ಲ. ಅವರ ಸೀಸನ್ನನ್ನೂ ಒಂದಿಷ್ಟು ತೆರೆದು ನೋಡಿ. ಬಫಲೊದವರು ಆನ್ ಆರ್ಬರ್‌ಗೆ ಬರುವ ಮೊದಲು ಕೊಲಂಬಿಯಾ ಯೂನಿವರ್ಸಿಟಿಯನ್ನು ಸೋಲಿಸಿದ್ದರು. ದುರ್ಬಲರೆಂದು ಕರೆಸಿದ ತಂಡವಲ್ಲ. ಅಕ್ಟೋಬರ್ 26ರಂದು ಅವರಿಗೆ 128 ಬಿತ್ತು.

ಅದೇ ಅಕ್ಟೋಬರ್ 26ರಂದು ಒಹಾಯೊದಲ್ಲಿ ಇನ್ನೊಂದು ಮ್ಯಾಚ್ ನಡೆಯಿತು. ಒಹಾಯೊ ಸ್ಟೇಟ್ ಮತ್ತು ವೆಸ್ಟರ್ನ್ ರಿಸರ್ವ್. ಒಹಾಯೊದ ಸೆಂಟರ್ ಜಾನ್ ಸಿಗ್ರಿಸ್ಟ್‌ಗೆ ಕುತ್ತಿಗೆಗೆ ಪೆಟ್ಟಾಯಿತು. ಎರಡು ದಿನಕ್ಕೆ ತೀರಿಕೊಂಡ. ಈ ಸೀಸನ್ನೇ ನಿಲ್ಲಿಸೋಣ ಅನ್ನುವ ಮಾತು ಅಲ್ಲಿ ನಡೆಯಿತು. ನಿಲ್ಲಿಸಲಿಲ್ಲ. ನವೆಂಬರ್ 9ರಂದು ಕೊಲಂಬಸ್‌ನಲ್ಲಿ ಮಿಷಿಗನ್ ಎದುರು ಆಡಿದರು. ಸತ್ತು ಎರಡು ವಾರವೂ ಆಗಿರಲಿಲ್ಲ. 550ರಲ್ಲಿ ಅತಿ ಕಡಿಮೆ ಪಾಯಿಂಟ್ ಬಿದ್ದದ್ದು ಈ ಮ್ಯಾಚಿನಲ್ಲೇ, 21. ಹಾಗಾಗಿ ಆ 21ರ ಪಕ್ಕ ನಾನು ಬೇರೇನೂ ಬರೆದಿಲ್ಲ, ಬರೀ "ಸಿಗ್ರಿಸ್ಟ್, ಅ. 28" ಅಂತ ಬರೆದಿದ್ದೇನೆ.

ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗ ವಲಯ ಮಟ್ಟದ ಕಬಡ್ಡಿಯಲ್ಲಿ ತಲೆಗೆ ಪೆಟ್ಟು ತಿಂದಿದ್ದ. ಉಳಿದುಕೊಂಡ, ಈಗ ಅಂಗಡಿ ಇಟ್ಟುಕೊಂಡಿದ್ದಾನೆ. ಆ ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದು ಇನ್ನೂ ಮರೆತಿಲ್ಲ.

ಕಾರ್ಲೈಲ್ ಸಾಲನ್ನೂ ಸುಮ್ನೆ ದಾಟಬೇಡಿ. ಪಟ್ಟಿಯಲ್ಲಿ ಇನ್ನೊಂದು ಕಾಲೇಜಿನ ಹಾಗೆ ಕಾಣುತ್ತದೆ. ಅದು ಕಾಲೇಜೇ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಶುರು ಮಾಡಿದ ವಸತಿ ಶಾಲೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ಊರು ಬಿಡಿಸಿ ತಂದು, ಕೂದಲು ಕತ್ತರಿಸಿ, ಅವರ ಮಾತು ಬಿಡಿಸಿ ಇಂಗ್ಲಿಷಿನವರನ್ನಾಗಿ ಮಾಡಲು ಹೊರಟ ಜಾಗ. ಅಲ್ಲಿಯ ತಂಡ ದೊಡ್ಡ ದೊಡ್ಡ ಕಾಲೇಜುಗಳ ಎದುರು ಊರೂರು ತಿರುಗಿ ಆಡುತ್ತಿತ್ತು. ನವೆಂಬರ್ 2ರಂದು ಡಿಟ್ರಾಯಿಟ್‌ನಲ್ಲಿ ಮಿಷಿಗನ್ ಅವರ ಮೇಲೆ ತೆಗೆದದ್ದು 22. ಎರಡೇ ವಾರಕ್ಕೆ ಶಿಕಾಗೊ ಯೂನಿವರ್ಸಿಟಿ ಮೇಲೆ ತೆಗೆದದ್ದೂ ಅಷ್ಟೇ, 22. ಪಕ್ಕಪಕ್ಕ ಬರೆದಾಗಲೇ ಇದು ಕಣ್ಣಿಗೆ ಬೀಳುವುದು.

ಹೆಸರು, ಫೋಟೊ, ಮತ್ತು ಯಾರು ಬರೆದರು

ಆಟಗಾರರ ಬೆನ್ನ ಮೇಲೆ ನಂಬರ್ ಇರಲಿಲ್ಲ. ಕೆಸರಿನಲ್ಲಿ ಬಿದ್ದ ಇಪ್ಪತ್ತೆರಡು ಜನರಲ್ಲಿ ಚೆಂಡು ಯಾರ ಹತ್ತಿರ ಇತ್ತು ಎಂಬುದನ್ನು ವರದಿಗಾರ ದೂರದಿಂದ ನೋಡಿ ಬರೆಯುತ್ತಿದ್ದ. ಒಂದೇ ಟಚ್‌ಡೌನ್ ಎರಡು ಪತ್ರಿಕೆಯಲ್ಲಿ ಇಬ್ಬರ ಹೆಸರಿಗೆ ಹೋಗಿದ್ದರೆ ಆಶ್ಚರ್ಯಪಡಬೇಡಿ. ಕಾಗುಣಿತವೂ ಅಷ್ಟೇ. ಆ ಸಿಗ್ರಿಸ್ಟ್ ಕೆಲವು ಕಡೆ ಸೆಗ್ರಿಸ್ಟ್ ಆಗಿದ್ದಾನೆ. ಎರಡೂ ರೀತಿ ಹುಡುಕಿ. ಫುಟ್‌ಬಾಲ್ ಅನ್ನುವುದನ್ನೂ ಎರಡು ಪದ ಮಾಡಿ, ನಡುವೆ ಜಾಗ ಬಿಟ್ಟು ಹುಡುಕಿ. ಆಗ ಹಾಗೇ ಬರೆಯುತ್ತಿದ್ದರು.

ಊರಿನ ಪತ್ರಿಕೆ ಒಂದು, ಎದುರಿನವರ ಊರಿನ ಪತ್ರಿಕೆ ಒಂದು, ಹೀಗೆ ಎರಡಾದರೂ ಓದಿ. ಒಮ್ಮೆ ನಮ್ಮ ಹುಡುಗರು ವಾಲಿಬಾಲ್ ಫೈನಲ್ ಗೆದ್ದು ಬಂದಾಗ ಮರುದಿನ ಪೇಪರಿನಲ್ಲಿ ಸೋತರು ಅಂತ ಬಂದಿತ್ತು. ಸ್ಕೋರ್ ಸರಿ, ಊರಿನ ಹೆಸರು ಅದಲುಬದಲು. ತಿದ್ದುಪಡಿ ಬರಲೇ ಇಲ್ಲ. ಐವತ್ತು ವರ್ಷ ಆದ ಮೇಲೆ ಯಾರಾದರೂ ಆ ಪೇಪರ್ ತೆಗೆದರೆ ನಾವು ಸೋತಿದ್ದೇವೆ. ಅದಕ್ಕೇ ಒಂದು ಪೇಪರ್ ನಂಬುವುದಿಲ್ಲ.

ಎಲ್ಲಿ ಸಿಗುತ್ತವೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲೇ ಓದಲು ಇಟ್ಟಿದೆ. ಬೆಂಗಳೂರಿನಲ್ಲಿ ಕೂತೂ ಓದಬಹುದು. ಮಿಷಿಗನ್ ಯೂನಿವರ್ಸಿಟಿಯ ಕಾಗದಪತ್ರಗಳೆಲ್ಲ ಆನ್ ಆರ್ಬರ್‌ನ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿಯಲ್ಲಿವೆ. ಮಗಳ ಮನೆಗೆ ಹೋದವರು ಬಿಡಬೇಡಿ, ಒಂದು ದಿನ ಹೋಗಿ ಬನ್ನಿ. ಪೆನ್ಸಿಲ್ ಇಟ್ಟುಕೊಳ್ಳಿ, ಇಂಥ ಕಡೆ ಪೆನ್ನು ಬಿಡುವುದಿಲ್ಲ.

ತಂಡದ ಫೋಟೊ ಸಿಕ್ಕರೆ ಮುಖ ಆಮೇಲೆ ನೋಡಿ, ಮೊದಲು ಚೆಂಡು ನೋಡಿ. ಈಗಿನ ಹಾಗೆ ಮೊನಚಿಲ್ಲ, ಹೊಟ್ಟೆ ಉಬ್ಬಿದ ಕುಂಬಳಕಾಯಿ. ಒಂದು ಕೈಯಲ್ಲಿ ಹಿಡಿದು ಎಸೆಯಲಾಗದು. ಮುಂದಕ್ಕೆ ಎಸೆಯಬಾರದು ಎಂಬ ರೂಲ್ ಅವರಿಗೆ ಯಾಕೆ ಅಷ್ಟೇನೂ ಕಾಡಲಿಲ್ಲ ಎಂದು ಆಗ ಹೊಳೆಯುತ್ತದೆ.

ಕೋಚ್ ಫೀಲ್ಡಿಂಗ್ ಯೋಸ್ಟ್ ಬಗ್ಗೆ ಒಂದು ಪುಟ ಬೇರೆಯಾಗಿ ಇಡಿ. ಸದಾ ಬೇಗ ಬೇಗ ಅನ್ನುತ್ತಿದ್ದುದರಿಂದ "ಹರಿ ಅಪ್" ಯೋಸ್ಟ್ ಅಂತಲೇ ಹೆಸರು. 1901 ಮಿಷಿಗನ್‌ನಲ್ಲಿ ಅವರಿಗೆ ಮೊದಲ ವರ್ಷ. ಹಿಂದಿನ ವರ್ಷ ಸ್ಟ್ಯಾನ್‌ಫರ್ಡ್ ಕೋಚ್. ತಮ್ಮಲ್ಲೇ ಓದಿದವರು ಕೋಚ್ ಆಗಬೇಕೆಂದು ಸ್ಟ್ಯಾನ್‌ಫರ್ಡ್ ತೀರ್ಮಾನಿಸಿತು, ಯೋಸ್ಟ್ ಹೊರಟರು. ಕ್ಯಾಲಿಫೋರ್ನಿಯಾದಲ್ಲಿ ಅವರ ಕಣ್ಣಿಗೆ ಬಿದ್ದಿದ್ದ ವಿಲ್ಲಿ ಹೆಸ್ಟನ್ ಎಂಬ ಹುಡುಗನೂ ಮಿಷಿಗನ್‌ಗೆ ಬಂದ. ವರ್ಷದ ಕೊನೆಗೆ ಎದುರಿಗೆ ಸಿಕ್ಕವರು ಯಾರು? ಅದೇ ಸ್ಟ್ಯಾನ್‌ಫರ್ಡ್. ಇನ್ನೊಂದು ತಮಾಷೆ. ಯೋಸ್ಟ್ 1896ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಓದುತ್ತಿದ್ದಾಗ ಲಫಯೆಟ್ ಕಾಲೇಜಿಗೆ ಸೇರಿ, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಸತತ ಗೆಲುವಿನ ಓಟ ಮುರಿದ ಮ್ಯಾಚ್ ಆಡಿ, ಮತ್ತೆ ವಾಪಸ್ ಬಂದಿದ್ದರು. ನಮ್ಮ ಕಡೆ ಟೂರ್ನಮೆಂಟಿಗೆ ಪಕ್ಕದೂರಿನ ಹುಡುಗನಿಗೆ ನಮ್ಮ ಐಡಿ ಕಾರ್ಡ್ ಮಾಡಿಸುತ್ತಿದ್ದರಲ್ಲ, ಅದರ ದೊಡ್ಡಣ್ಣ. ನಾನಂತೂ ಮಾಡಿಸಿಲ್ಲ. ಮಾಡಿಸಿದವರನ್ನು ಬಲ್ಲೆ.

ಕೊನೆಯ ಮ್ಯಾಚು, ಮತ್ತು "ಚಾಂಪಿಯನ್" ಎಂಬ ಮಾತು

ಪ್ಯಾಸಡೀನಾದ ಮ್ಯಾಚು ಆಡಿಸಿದ್ದು ಅಲ್ಲಿನ ಹೂವಿನ ಮೆರವಣಿಗೆಗೆ ಜನ ಸೇರಿಸಲು. ಆನ್ ಆರ್ಬರ್‌ನ ಹಿಮದಿಂದ ರೈಲು ಹತ್ತಿ, ದೇಶದ ಆ ತುದಿಯ ಬಿಸಿಲಿಗೆ ಹೋಗಿ ಇಳಿದರು. ಮಿಷಿಗನ್‌ನ ಅದೇ ಹನ್ನೊಂದು ಜನ ಶುರುವಿನಿಂದ ಕೊನೆಯವರೆಗೆ ಆಡಿದರು, ಒಬ್ಬರೂ ಬದಲಾಗಲಿಲ್ಲ. ಇನ್ನೂ ಎಂಟು ನಿಮಿಷ ಇರುವಾಗ ಸ್ಟ್ಯಾನ್‌ಫರ್ಡ್ ಕ್ಯಾಪ್ಟನ್ ಸಾಕು ಅಂದ. ಹಾಗಾಗಿ 49ರ ಪಕ್ಕ "ಪೂರ್ತಿ ಆಡಿಲ್ಲ" ಅಂತ ಬರೆದುಕೊಳ್ಳಿ. ಮೆರವಣಿಗೆಯವರಿಗೆ ಈ ಮ್ಯಾಚು ಎಷ್ಟು ಬೇಸರ ತಂದಿತೆಂದರೆ ಫುಟ್‌ಬಾಲೇ ಬೇಡ ಅಂತ ಬಿಟ್ಟರು. ನಡುವೆ ಕೆಲವು ವರ್ಷ ರಥದ ಓಟ ಕೂಡ ಇಟ್ಟರು. ಫುಟ್‌ಬಾಲ್ ವಾಪಸ್ ಬಂದದ್ದು 1916ಕ್ಕೆ. ಈಗ ರೋಸ್ ಬೌಲ್ ಅಂತ ಕರೆಯುವ ಮ್ಯಾಚು ಇದೇ.

ಚಾಂಪಿಯನ್ ಅಂತ ಎಲ್ಲಾದರೂ ಓದಿದರೆ ಯಾರು, ಯಾವಾಗ ಕೊಟ್ಟ ಪಟ್ಟ ಎಂದು ಕೇಳಿ. 1901ರಲ್ಲಿ ಹಾರ್ವರ್ಡ್ ಕೂಡ ಒಂದೂ ಸೋಲದೆ ಹನ್ನೆರಡು ಗೆದ್ದಿತ್ತು. ಮಿಷಿಗನ್ ಇದ್ದ ವೆಸ್ಟರ್ನ್ ಕಾನ್ಫರೆನ್ಸ್ ಎಂಬ ಯೂನಿವರ್ಸಿಟಿಗಳ ಗುಂಪಿನಲ್ಲೇ ವಿಸ್ಕಾನ್ಸಿನ್ ಸೋತಿರಲಿಲ್ಲ. ಮಿಷಿಗನ್ ಈ ಇಬ್ಬರಲ್ಲಿ ಯಾರ ಎದುರೂ ಆಡಲಿಲ್ಲ. ದೇಶದ ಚಾಂಪಿಯನ್ ಪಟ್ಟಗಳು ಬಹಳ ವರ್ಷ ಕಳೆದ ಮೇಲೆ ಹಿಂದಿನ ದಿನಾಂಕ ಹಾಕಿ ಕೊಟ್ಟವು. ನನ್ನ ನೋಟ್‌ಬುಕ್‌ನಲ್ಲಿ ಆ ಕಾಲಂ ಇಲ್ಲ.

ಇಷ್ಟಾದ ಮೇಲೆ ನೀವೇ ಒಂದು ಸೀಸನ್ ಹಿಡಿಯಿರಿ. 1905ರ ಮಿಷಿಗನ್ ಒಳ್ಳೆಯದು. 495 ತೆಗೆದು ಎರಡೇ ಪಾಯಿಂಟ್ ಕೊಟ್ಟಿತು. ಆ ಎರಡು ಪಾಯಿಂಟಿಗೇ ಕೊನೆಯ ಮ್ಯಾಚ್ ಸೋತಿತು, ನವೆಂಬರ್ 30ರಂದು ಶಿಕಾಗೊದಲ್ಲಿ, 2–0. ಐದು ವರ್ಷದಲ್ಲಿ ಮೊದಲ ಸೋಲು. ಎರಡು ಹೇಗೆ ಬರುತ್ತದೆ ಎಂದು ಈಗ ನಿಮಗೇ ಗೊತ್ತು, ಒಂದೇ ದಾರಿ. ಡೆನಿ ಕ್ಲಾರ್ಕ್ ಎಂಬ ಹುಡುಗ ಯಾಕೆ ಹಿಂದಿನ ಗೆರೆಯಾಚೆ ಸಿಕ್ಕಿಬಿದ್ದ ಎಂಬುದನ್ನು ಎರಡೂ ಊರಿನ ಪತ್ರಿಕೆಯಲ್ಲಿ ಓದಿ. ಆದರೆ ಅದಕ್ಕೆ ಮೊದಲು ಹೊಸ ಪುಟ ತೆಗೆದು ಮೇಲ್ಗಡೆ ಬರೆಯಿರಿ: 1905ರಲ್ಲಿ ಫೀಲ್ಡ್ ಗೋಲ್ 4.